ಬಾಗಿಲಿಲ್ಲದ ಶಾಲೆ

ಶಾಲೆ ಎಂದೊಡನೆ ಕಸ್ತೂರಿಬಾಯಿಯ ಮೂಗಿಗೆ ಬರುತ್ತಿದ್ದುದು ಹತ್ತಿಕಾಳಿನ ಹಿಂಡಿಯ ವಾಸನೆ. ಕಲಬುರಗಿಯ ಗಾಜಿಪುರದಲ್ಲಿ ಅವಳು ಕಲಿತ ಹೆಣ್ಣುಮಕ್ಕಳ ಶಾಲೆ ನಡೆಯುತ್ತಿದ್ದುದು ಒಬ್ಬ ವ್ಯಾಪಾರಿಯ ಗೋದಾಮಿನ ಹಿಂದಿನ ಕೋಣೆಯಲ್ಲಿ. ಗೋಡೆಯ ಆಚೆ ಹಿಂಡಿಯ ಚೀಲಗಳನ್ನು ಸೂರಿನವರೆಗೆ ಪೇರಿಸಿರುತ್ತಿದ್ದರು. ಜಿಡ್ಡು ಜಿಡ್ಡಾದ, ಕೊಂಚ ಹುಳಿ ಬೆರೆತ ಆ ವಾಸನೆಯ ನಡುವೆ ಕೂತೇ ಅವಳು ಉರ್ದು ಕಲಿತಳು. ನಿಜಾಮರ ಕಾಲ, ಓದು ಎಂದರೆ ಉರ್ದುವೇ. ಕನ್ನಡವನ್ನು ಅಪ್ಪ ಮನೆಯಲ್ಲಿ ಹೇಳಿಕೊಟ್ಟಿದ್ದರು. ಎರಡೂ ಬರುವ ಹುಡುಗಿ ಎಂದೇ ಕಮಲಾಪುರದ ಕಿರಾಣಿ ಅಂಗಡಿಯ ಕಲ್ಯಾಣಪ್ಪನವರು ಅವಳನ್ನು ಮೆಚ್ಚಿ ಮಗ ಭೀಮಶಾನಿಗೆ ತಂದುಕೊಂಡರು.

ತಂದುಕೊಂಡದ್ದು ಗಡಬಡಿ ಮುಗಿದ ಮರುವರ್ಷ. ರಜಾಕಾರರ ಹಾವಳಿ, ಅದರ ಬೆನ್ನಿಗೆ ಭಾರತದ ಫೌಜು ಬಂದದ್ದು, ಫೌಜಿನ ಹಿಂದೆಯೇ ಮುಸಲ್ಮಾನರ ಮನೆಗಳು ಲೂಟಿಯಾದದ್ದು, ಇಷ್ಟಕ್ಕೂ ಸೇರಿಸಿ ಜನ ಗಡಬಡಿ ಎಂಬ ಒಂದೇ ಮಾತು ಇಟ್ಟುಕೊಂಡಿದ್ದರು. ಅದನ್ನು ಆಡಿಬಿಟ್ಟರೆ ಮುಂದೆ ಯಾರೂ ಏನೂ ಕೇಳುತ್ತಿರಲಿಲ್ಲ.

ಗಡಬಡಿಯಾಗಿ ಮೂರು ವರ್ಷಕ್ಕೆ, ಹಣಮಪ್ಪನ ಗುಡಿಯಲ್ಲಿ ನಡೆಯುತ್ತಿದ್ದ ಕಮಲಾಪುರದ ಕನ್ನಡ ಶಾಲೆಗೆ ಐದು ಮಂದಿಯ ಕಮಿಟಿ ಆಯಿತು. ಕಲ್ಯಾಣಪ್ಪನವರು ಊಟಕ್ಕೆ ಕೂತಾಗ ಸುದ್ದಿ ಹೇಳಿದರು.

“ಐದ್ ಮಂದಿ ಯಾರ್ಯಾರ್ರಿ?” ಅತ್ತೆ ಭೀಮಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದರು.

“ಖಂಡೆಪ್ಪಗೌಡ ಸದರ್. ಎಲ್ಲಾರ ಮ್ಯಾಲ ಅಂವ.”

“ಅಂವ ಇಲ್ದ ಈ ಊರಾಗ ನಾಯಿನೂ ಬೊಗಳೂದಿಲ್ಲ. ಮುಂದ?”

“ಯಂಕಪ್ಪ.”

“ಖಂಡೆಪ್ಪನ ಹೊಲ ಪಾಲಿಗೆ ಮಾಡಾಂವ. ಅಂವ ಕೈ ಎತ್ತಿದ್ರ ಇಂವಂದೂ ಏಳ್ತದ. ಅಲ್ಲಿಗೆ ಎರಡು ಕುರ್ಚಿ ಒಬ್ಬಂದೇ ಆತು. ಮತ್ಯಾರು?”

“ನಾನು. ಆಮ್ಯಾಲ ಕೆಳಗೇರಿ ಅಂಬಣ್ಣ. ಕಲಬುರ್ಗಿ ಮಿಲ್‌ನಾಗ ಇದ್ದು ಬಂದಾನ, ಓದು ಬರಹ ಬರ್ತದ. ಅವರ ಪೈಕಿ ಒಬ್ಬ ಇರ್ಲೇಬೇಕಂತ ಸರಕಾರದ ಹುಕುಂ ಅದ.”

“ಮೀಟಿಂಗ್ ಹಣಮಪ್ಪನ ಗುಡಿ ಪೌಳ್ಯಾಗಲ್ಲೇನು? ಅಂವ ಎಲ್ಲಿ ಕೂಡ್ತಾನ?”

ಕಲ್ಯಾಣಪ್ಪನವರು ಪಲ್ಯದ ಕಡೆ ನೋಡಿದರು. “ಹೊರಗ. ಕಟ್ಟಿ ಮ್ಯಾಲ.”

“ಹಂಗಾರ ನಾಕೂವರಿ ಮಂದಿ ಕಮಿಟಿ ಅನ್ರಿ. ಐದನೇದಾಂವ?”

“ಇಮಾಮುದ್ದೀನ್ ಸಾಹೇಬ.”

ಭೀಮಶಾ ನೀರಿನ ತಂಬಿಗೆ ಎತ್ತಿ ಗಟಗಟ ಕುಡಿದ. ಕಸ್ತೂರಿಗೆ ಆಗ ಅದು ವಿಶೇಷವೆನಿಸಲಿಲ್ಲ, ಪುಂಡಿಪಲ್ಯ ಖಾರವಾಗಿತ್ತು.

“ಅವರು ಬರ್ತೀನಿ ಅಂದ್ರೇನು?” ಎಂದರು ಭೀಮಬಾಯಿ. “ಮನಿ ಲೂಟಿ ಆದಾಗಿಂದ ಆ ಮನಷ್ಯಾ ಬಟ್ಟಿ ಅರಬಿ ಅಂಗಡಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ.”

“ನಾನೇ ಹೋಗಿ ಹೋಗಿ ಕೇಳ್ದೆ. ಕಡೀಕ ಒಂದು ಮಾತು ಹೇಳಿದ್ರು. ಹೆಣ್ಣುಹುಡುಗರಿಗೆ ಬ್ಯಾರೆ ಕ್ಲಾಸ್ ತಗೀತೀರಂದ್ರ ಬರ್ತೀನಿ, ನನ್ನ ಮೊಮ್ಮಗಳು ಲತೀಫಾ ಕಲೀಬೇಕು ಅಂದ್ರು. ಕಲಸಾಕ ಹೆಣ್ಣುಮಗಳು ಎಲ್ಲಿ ಸಿಗ್ತಾಳ ಅಂತ ಖಂಡೆಪ್ಪ ನಕ್ಕ. ನಮ್ಮ ಮನ್ಯಾಗ ಒಬ್ಬಾಕಿ ಅದಾಳಂತ ನಾ ಹೇಳ್ದೆ.”

ಬಡಿಸುತ್ತಿದ್ದ ಕಸ್ತೂರಿಯ ಕೈಯಿಂದ ತುಪ್ಪ ತಟ್ಟೆಯ ಹೊರಗೆ ಬಿತ್ತು.

“ತುಪ್ಪ ನೆಲಕ್ಕ ಬಡಸಾಕತ್ಯಾಳ ನೋಡ್ರಿ, ನಿಮ್ಮ ಅಕ್ಕೋರು!” ಎಂದರು ಭೀಮಬಾಯಿ. ಆದರೆ ಅವತ್ತು ರಾತ್ರಿಯ ಪಾತ್ರೆಗಳನ್ನು ಅವರೇ ತೊಳೆದರು. ಸೊಸೆ ಅಟ್ಟದ ಮೇಲಿನ ಟ್ರಂಕು ಇಳಿಸಿ ತನ್ನ ಹಳೆಯ ಪುಸ್ತಕಗಳನ್ನು ಒರೆಸುತ್ತ ಕೂತಿದ್ದಳು.

ವಿದ್ಯಾ ಇಲಾಖೆಯ ತಾಲೀಮಾತಿನ ಸಾಹೇಬರು ಕಲಬುರಗಿಯಿಂದ ಬಂದು ಮಂಜೂರಿ ಕೊಡಬೇಕಿತ್ತು. ಅವತ್ತು ಕಮಿಟಿಯವರಿಗೂ ಸಾಹೇಬರಿಗೂ ತಮ್ಮಲ್ಲೇ ಊಟ ಎಂದು ಕಲ್ಯಾಣಪ್ಪನವರು ಒಪ್ಪಿಕೊಂಡು ಬಂದರು. ಭೀಮಬಾಯಿ ಎರಡು ದಿನ ಗೊಣಗಿದರು. ಅಂಬಣ್ಣ ಪಡಸಾಲೆಯೊಳಗೆ ಬರುವುದು ಹೇಗೆ, ಇಮಾಮುದ್ದೀನ್ ಸಾಹೇಬರ ಪಕ್ಕ ಖಂಡೆಪ್ಪ ಕೂಡುವುದು ಹೇಗೆ, ಉಂಡ ತಾಟು ತಿಕ್ಕುವವರು ಯಾರು. ಕಡೆಗೆ ಎಲ್ಲರಿಗೂ ಮುತ್ತಲ ಎಲೆಯ ಪತ್ರಾವಳಿ ಎಂದಾಯಿತು. ಹೋಳಿಗೆಗೆ ಬೇಳೆ ಬೇಯಿಸಲು ದೊಡ್ಡ ಪಾತ್ರೆ ಬೇಕಲ್ಲ? ಬಚ್ಚಲ ಒಲೆಯ ಮೇಲೆ ನೀರು ಕಾಯುತ್ತಿದ್ದ ತಾಮ್ರದ ಹಂಡೆ ಅತ್ತೆಯ ಕಣ್ಣಿಗೆ ಬಿತ್ತು. ಭೀಮಶಾ ಹಿಂದೊಮ್ಮೆ ಕಲಬುರಗಿಯ ಪೇಟೆಯಾದ ಜಗತ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು ಅದು.

“ಕಲಾಯಿ ಹಾಕಿಸಿದ್ರ ಬೆಳ್ಳಿ ಆದಂಗ ಆಗ್ತದ,” ಎಂದು ಅವರು ಕಲಾಯಿಗಾರ ಕರೀಂಸಾಬನನ್ನು ಕರೆಸಿದರು. ಭೀಮಶಾ ಬೆಳಿಗ್ಗೆಯೇ ಅಂಗಡಿಗೆ ಬಾಳೆಗೊನೆ ತರಲು ತೋಟಕ್ಕೆ ಹೋಗಿದ್ದ. ಅವನು ಮನೆಯಲ್ಲಿದ್ದಿದ್ದರೆ ಆ ಹಂಡೆ ಅವತ್ತು ಒಲೆಯಿಂದ ಇಳಿಯುತ್ತಿರಲಿಲ್ಲ.

ಕರೀಂಸಾಬ ಅಂಗಳದಲ್ಲಿ ಕುಣಿ ತೋಡಿ, ಕೆಂಡ ಮಾಡಿ, ತಿದಿ ಒತ್ತಿದ. ಹಂಡೆಯನ್ನು ಮಗ್ಗುಲಾಗಿ ಕೆಂಡದ ಮೇಲೆ ಹೊರಳಿಸಿದಂತೆ ಹೊರಗೆ ಮೂರು ವರ್ಷದಿಂದ ಕೂತಿದ್ದ ಮಸಿ ಹೆಕ್ಕಳಿಕೆ ಎದ್ದು ಉದುರತೊಡಗಿತು.

“ಭೀಮಬಾಯಿಯವ್ರೇ, ಇಂಥಾ ಚಂದನ ದೇಗ ಬಚ್ಚಲ ಒಲಿ ಮ್ಯಾಲ ಇಟ್ಟೀರಲ್ರಿ,” ಎನ್ನುತ್ತ ಅವನು ಅರಿವೆಯಿಂದ ಕಂಠದ ಕೆಳಗೆ ಒರೆಸಿದ. ಒರೆಸಿದವನ ಕೈ ಅಲ್ಲೇ ನಿಂತಿತು.

ಚುಕ್ಕಿ ಚುಕ್ಕಿಯಾಗಿ ಕೊರೆದ ಉರ್ದು ಅಕ್ಷರಗಳು. ಕಸ್ತೂರಿ ನವಸಾಗರದ ಪುಡಿ ಕೊಡಲು ಪಕ್ಕದಲ್ಲೇ ಬಗ್ಗಿದ್ದಳು. ಓದಬೇಕೆಂದು ಓದಲಿಲ್ಲ, ಕಣ್ಣು ತಾನೇ ಓದಿತು. ಇಮಾಮುದ್ದೀನ್ ವಲದ್ ಮಕ್ಬೂಲ್, ಕಮಲಾಪುರ. ಮಕ್ಬೂಲನ ಮಗ ಇಮಾಮುದ್ದೀನ್.

“ಏನ್ ಬರದಾದ ಅದರ ಮ್ಯಾಲ?” ಭೀಮಬಾಯಿ ಕೇಳಿದರು.

ಕರೀಂಸಾಬ ಕಸ್ತೂರಿಯ ಮುಖ ನೋಡಿದ. “ತಾಮ್ರಗಾರನ ಗುರುತು ಇರಬೇಕ್ರಿ,” ಎಂದು ಮತ್ತೆ ತಿದಿ ಒತ್ತತೊಡಗಿದ. ಕೆಲಸ ಮುಗಿಸಿ, ಅತ್ತೆ ಒಳಗೆ ಹೋದಾಗ ಸಾಮಾನು ಕಟ್ಟಿಕೊಳ್ಳುತ್ತ ಮೆಲ್ಲಗೆ ಹೇಳಿದ: “ನೀನೂ ಓದಿದಿ ಬೇಟಿ, ನಾನೂ ಓದೀನಿ. ನನ್ನ ಬಾಯಿಂದ ಹೊರಗ ಹೋಗೂದಿಲ್ಲ. ಹೊಸದಾಗಿ ಬಂದಾಕಿ ನೀನು, ನಿನ್ನ ಸಂಸಾರ ಅದ. ಬೇಕಂದ್ರ ನಾಕ್ ದಿನ ಮತ್ತ ಒಲಿ ಮ್ಯಾಲ ಇಡು, ಮಸಿ ಹತ್ತತದ.”

ಅವನು ಹೋದ ಮೇಲೂ ಕಸ್ತೂರಿ ಅಂಗಳದಲ್ಲೇ ಕೂತಿದ್ದಳು. ಲೂಟಿ ಮಾಡಿದವರು ಎಂದರೆ ಅವಳ ಮನಸ್ಸಿನಲ್ಲಿ ಕುಡುಗೋಲು ಹಿಡಿದ, ಮುಖ ಕಾಣದ ಜನ. ಬೆಲ್ಲದ ಪೆಂಟೆಯಿಂದ ಇರುವೆಗಳನ್ನು ಊದಿ ಊದಿ ಬಿಡಿಸಿ ಆಮೇಲೆ ತೂಕಕ್ಕೆ ಹಾಕುವ ಭೀಮಶಾ ಅಲ್ಲ.

ಮಧ್ಯಾಹ್ನ ಅವನು ಊಟಕ್ಕೆ ಕೂತ. ಎರಡು ತುತ್ತು ಇಳಿಯುವವರೆಗೆ ಅವಳು ತಡೆದಳು.

“ಆ ಹಂಡೆ ಎಲ್ಲಿ ತಂದಿದ್ರಿ?”

“ಜಗತ್‌ನಾಗ. ಹೇಳೀನಲ್ಲ.”

“ಜಗತ್‌ನಾಗ ಇಮಾಮುದ್ದೀನ್ ಸಾಹೇಬರ ಹೆಸರು ಕೊರದು ಮಾರ್ತಾರೇನ್ರಿ?”

ತುತ್ತು ಎತ್ತಿದ ಕೈ ತಾಟಿನ ಮೇಲೆ ಇಳಿಯಿತು.

“ಎಲ್ಲಾರೂ ಒಯ್ಯಾಕತ್ತಿದ್ರು ಕಸ್ತೂರಿ,” ಎಂದ ಕಡೆಗೆ. “ಅವರೆಲ್ಲಾ ಕಲಬುರ್ಗಿ ದರ್ಗಾಕ್ಕ ಓಡಿ ಹೋಗಿದ್ರು. ಬಾಗಿಲಾ ಚೌಕಟ್ಟು ಸಮೇತ ಕಿತ್ತು ಗಾಡಿಗೆ ಹೇರಿದ್ರು. ಒಂದ್ ಗೋಡಿ ಬಿದ್ದಿತ್ತು. ನೋಡಾಕ ಹೋದಾಂವ ನಾ ಒಳಗ ಹೋದೆ. ಒಲಿ ಮ್ಯಾಲ ಅನ್ನ ಇತ್ತು, ಇನ್ನಾ ಆರಿದ್ದಿಲ್ಲ. ಬಾಜೂಕ ಇದು ಇತ್ತು, ನೀರು ತುಂಬಿತ್ತು. ನೀರು ಚೆಲ್ಲಿ ತಲಿ ಮ್ಯಾಲ ಇಟ್ಕೊಂಡು ಬಂದೆ. ಯಾರಿಗೂ ಬಡದಿಲ್ಲ ನಾ. ದೇವರಾಣಿ.”

“ಯಾರ ಮನ್ಯಾಗಿಂದು?” ಬಾಗಿಲಲ್ಲಿ ಭೀಮಬಾಯಿ ನಿಂತಿದ್ದರು. “ಯಾರ ಮನ್ಯಾಗಿಂದಲೇ ಅದು?”

ಮಗ ತಲೆ ಎತ್ತಲಿಲ್ಲ. ಸೊಸೆ ಹೇಳಿದಳು.

ಭೀಮಬಾಯಿ ಗೋಡೆ ಹಿಡಿದು ಕೂತುಬಿಟ್ಟರು. “ಅಯ್ಯ ಯಪ್ಪಾ! ಅದರಾಗ ಅವರು ಏನ್ ಬೇಯಿಸ್ತಿದ್ರೋ ಏನೋ! ಮೂರು ವರ್ಷಾತು, ಅದರಾಗಿನ ನೀರಿಲೆ ಜಳಕಾ ಮಾಡಿ ಲಿಂಗಪೂಜಿ ಮಾಡೀನಿ ನಾನು! ನಿಮ್ಮಪ್ಪನೂ ಮಾಡ್ಯಾನ! ಲೇ ಭೀಮ್ಯಾ, ಹೆತ್ತ ತಾಯಿಗೆ ಹಿಂಗ ಮಾಡ್ತಾರೇನಲೇ?”

ಕಸ್ತೂರಿಗೆ ನಗು ಬಂದಂತಾಗಿ, ಅದು ಗಂಟಲಿನಲ್ಲೇ ಅಳುವಾಯಿತು.

ಸಂಜೆ ಕಲ್ಯಾಣಪ್ಪನವರು ಅಂಗಡಿ ಮುಚ್ಚಿ ಬಂದಾಗ ಮನೆಯಲ್ಲಿ ಒಲೆ ಹತ್ತಿರಲಿಲ್ಲ. ಮಗ ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಲು ಹೋದರು. ಗೂಟ ತಪ್ಪಿ ಅದು ಕೆಳಗೆ ಬಿತ್ತು.

“ಅವರ ಕಟ್ಟಿ ಮ್ಯಾಲ ಕುಂತು ನಾ ಏನಂದೀನಿ ಗೊತ್ತದೇನು? ಸಾಹೇಬ್ರೇ, ಆಗಿದ್ದು ಆಗಿ ಹೋತು, ಎಲ್ಲಾರೂ ಕೆಟ್ಟವರಿರಂಗಿಲ್ಲ ಅಂದೀನಿ.”

“ನಮ್ಮವು ಎರಡು ಎತ್ತು ರಜಾಕಾರರು ಹೊಡಕೊಂಡು ಹೋದ್ರಲ್ಲ,” ಎಂದರು ಭೀಮಬಾಯಿ. “ಜ್ವಾಳದ ಹಗೇವು ಬಳದ್ರಲ್ಲ. ಯಾರು ತಂದ್ ಕೊಟ್ಟಾರ್ರಿ ನಮಗ?”

“ಇಮಾಮುದ್ದೀನ್ ಸಾಹೇಬ ಒಯ್ದಿದ್ದನೇನ ಆ ಎತ್ತು?”

“ನಾ ಹಂಗಂದಿಲ್ಲ.” ಅವರು ಮಗನ ಕಡೆ ತಿರುಗಿದರು. “ಒಲಿ ಮ್ಯಾಲ ಅನ್ನ ಇತ್ತಂದೇನು?”

“ಹ್ಞೂಂ.”

“ಉಂಡಿದ್ದಿಲ್ಲ ಹಂಗಾರ ಆಕಿ,” ಎಂದು ಭೀಮಬಾಯಿ ತಮಗೇ ಹೇಳಿಕೊಂಡರು. ಮತ್ತೆ ದನಿ ಏರಿಸಿ, ಮನೆಯ ಗಡಿಗೆ ಮಡಿಕೆಗಳನ್ನೆಲ್ಲ ತಿಪ್ಪೆಗೆ ಹಾಕಿರೆಂದು ಗದ್ದಲವೆಬ್ಬಿಸಿದರು. ಅಂದಿನಿಂದ ಅವರದು ಬೇರೆ ಒಲೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಮ್ಮ ಪಾಲಿನ ರೊಟ್ಟಿ ತಾವೇ ಮಾಡಿಕೊಂಡು ಉಣ್ಣತೊಡಗಿದರು.

ಮರುದಿನ ಕಲ್ಯಾಣಪ್ಪನವರು ಖಂಡೆಪ್ಪಗೌಡರನ್ನು ಕಂಡು ಬಂದರು. ಬಂದವರು ಸೊಸೆಯನ್ನು ಎದುರಿಗೆ ಕೂಡಿಸಿಕೊಂಡರು.

“ಕಸ್ತೂರಿ, ಗೌಡರು ಹಂಡೆ ಮುಚ್ಚಿಡು ಅಂದಾರ. ನೀ ಒಂದು ತಗದ್ರ ಊರಾಗ ಎಷ್ಟು ಅಟ್ಟ ಇಳೀಬೇಕಾಗ್ತದ ಗೊತ್ತೇನು ಅಂದ್ರು.” ಅವರ ದನಿ ಸಣ್ಣದಾಯಿತು. “ಇನ್ನೂ ಒಂದ್ ಮಾತು ಅಂದಾರ. ಗದ್ದಲಾ ಆತಂದ್ರ ಹೆಣ್ಣುಹುಡುಗರ ಕ್ಲಾಸ್ ಇಲ್ಲ, ನಿಮ್ಮ ಸೊಸಿ ರೊಟ್ಟಿ ಬಡಕೋತ ಮನ್ಯಾಗ ಕೂಡ್ಲಿ ಅಂದಾರ.”

“ನೀವ್ ಏನಂದ್ರಿ ಮಾವ?”

“ನಾ ಏನನ್ಲಿ ಯವ್ವಾ. ಊಟದ ದಿವ್ಸ ಒಂದು ಪಾರಾಗಲಿ. ಆಮ್ಯಾಲ ನೋಡೋಣಂತ.”

“ಆ ದಿವ್ಸ ಇಮಾಮುದ್ದೀನ್ ಸಾಹೇಬರಿಗೆ ಯಾವ ಹಂಡ್ಯಾಗಿನ ಬ್ಯಾಳಿ ಬಡಸ್ಲಿ ನಾನು?”

ಕಲ್ಯಾಣಪ್ಪನವರು ಎದ್ದು ಅಂಗಡಿಗೆ ಹೋದರು.

ಕಸ್ತೂರಿ ತವರಿಗೆ ಹೋಗಿ ಬರುತ್ತೇನೆಂದು ಹೊರಟಳು. ಯಾರೂ ಬೇಡವೆನ್ನಲಿಲ್ಲ. ಕಲಬುರಗಿಯ ಬಸ್ಸಿನಲ್ಲಿ ಕೂತಾಗ ಕಂಡಕ್ಟರು ಅವಳ ಮುಖ ನೋಡಿ ಏನೂ ಕೇಳದೆ ಕಿಟಕಿಯ ಸೀಟಿನಲ್ಲಿದ್ದ ಗಂಡಸನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ.

ಗಾಜಿಪುರದ ಮನೆಯಲ್ಲಿ ತಾಯಿ ಬಂಡೆಮ್ಮ ಒಂದು ವಾರ ಏನೂ ಕೆದಕಲಿಲ್ಲ. ಉಣ್ಣಲಿಕ್ಕಿಟ್ಟರು, ತಲೆ ತೊಳೆದರು. ಆ ಮೇಲೆ ಒಂದು ಮಧ್ಯಾಹ್ನ ಜಡೆ ಹಾಕುತ್ತ ಎಲ್ಲ ಕೇಳಿದರು.

“ಅಕ್ಕೋರ ಕೆಲಸ ನಿನಗ ಬ್ಯಾಡಾತೇನು?”

“ಬೇಕವ್ವ. ಬೇಕಂತನೇ ಇಲ್ಲಿ ಬಂದು ಕುಂತೀನಿ. ಅಲ್ಲಿದ್ರ ಬಾಯಿ ಬಿಡ್ತೀನಿ, ಬಿಟ್ರ ಕೆಲಸ ಹೋಗ್ತದ.”

“ಇಲ್ಲಿ ಕುಂತು ಬಾಯಿ ಮುಚ್ಕೊಂಡ ಅಕ್ಕೋರು, ಅಲ್ಲಿ ಹೋಗಿ ಹುಡುಗರಿಗೆ ಏನ್ ಓದಸ್ತಾಳ?” ಬಂಡೆಮ್ಮ ಜಡೆಯನ್ನು ಒಮ್ಮೆ ಬಿಗಿಯಾಗಿ ಜಗ್ಗಿದರು. “ಅಳಬ್ಯಾಡ. ತಲಿ ಸೀದಾ ಇಡು, ಬೈತಲಿ ಸೊಟ್ಟ ಆಗ್ತದ.”

ಮತ್ತೆ ನಾಲ್ಕಾರು ದಿನಕ್ಕೆ ಭೀಮಶಾ ಬಂದ. ಗಡ್ಡ ಬಿಟ್ಟಿದ್ದ. ಬಂಡೆಮ್ಮ ಕೊಟ್ಟ ಚಹಾ ಕೈಯಲ್ಲಿ ಹಿಡಿದುಕೊಂಡೇ ಹೇಳಿದ: “ನಾ ಅದು ವಾಪಸ್ ಕೊಡ್ತೀನಿ ಕಸ್ತೂರಿ. ಕತ್ತಲಾಗ ಅವರ ಅಂಗಳದಾಗ ಇಟ್ಟು ಬರೋಣಂತ ಎರಡು ಸಲ ಹೊರಗ ತಗದೆ. ಹಂಗ ಕಳ್ಳರಂಗ ಒಯ್ಯಾಕ ಮನಸಾಗ್ಲಿಲ್ಲ. ಒಬ್ಬನಿಗೆ ಆಗೂದಿಲ್ಲ. ನೀ ಬಾ. ಹಿಂದ ಬಂದ್ರ ಸಾಕು.” ಆ ಮೇಲೆ, “ಕೆಲಸ ಹೋಗ್ತದ ನಿಂದು,” ಎಂದ.

ಹೌದು, ಹೋಗುತ್ತದೆ. ಟ್ರಂಕಿನಿಂದ ತೆಗೆದು ಒರೆಸಿಟ್ಟ ಪುಸ್ತಕಗಳು ಅವಳ ಕಣ್ಣ ಮುಂದೆ ಬಂದವು. “ಚಹಾ ಆರತದ, ಕುಡೀರಿ,” ಎಂದಳು. “ಸಂಜಿ ಬಸ್ಸಿಗೇ ಹೋಗೋಣ.”

ಕಮಲಾಪುರದ ಸಂತೆಯ ದಿನ. ಭೀಮಶಾ ಹಂಡೆಯನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಹೊರಬಿದ್ದ. ಹೊಸ ತಾಮ್ರದಂತೆ ಅದು ಬಿಸಿಲಿಗೆ ಹೊಳೆಯುತ್ತಿತ್ತು. ಹಿಂದೆ ಕಸ್ತೂರಿ ಸೆರಗು ಹೊದ್ದು ನಡೆದಳು. ಮೆಣಸಿನಕಾಯಿ ರಾಶಿಯ ಹತ್ತಿರ ಯಾರೋ ಕೂಗಿದರು.

“ಏನಲೇ ಭೀಮಶಾ, ಯಾರ ಲಗ್ನಾ?”

ಭೀಮಶಾ ನಿಂತ. “ಇಮಾಮುದ್ದೀನ್ ಸಾಹೇಬರದು ಇದು. ಗಡಬಡ್ಯಾಗ ನಾ ಒಯ್ದಿದ್ದೆ. ವಾಪಸ್ ಕೊಡಾಕ ಹೊಂಟೀನಿ.”

ತಕ್ಕಡಿ ಹಿಡಿದವರು ಹಿಡಿದಂತೆಯೇ ನಿಂತರು. ಸೇಂಗಾ ಸುಲಿಯುತ್ತಿದ್ದ ಮುದುಕಿ ಬಾಯಿ ತೆರೆದುಕೊಂಡೇ ನೋಡಿದಳು. ಕೆಂಪು ಬಾಳೆಹಣ್ಣಿನ ಬುಟ್ಟಿಯವಳು ಎದ್ದು, ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಯ ಕಡೆ ಹೋಗಿ, ಹಗಲು ಹೊತ್ತಿನಲ್ಲೇ ಬಾಗಿಲು ಹಾಕಿಕೊಂಡಳು. ಖಂಡೆಪ್ಪಗೌಡರು ತಮ್ಮ ಕಟ್ಟೆಯ ಮೇಲಿಂದ ಕಣ್ಣು ಪಿಳುಕಿಸದೆ ನೋಡುತ್ತಿದ್ದರು.

ಇಮಾಮುದ್ದೀನ್ ಸಾಹೇಬರ ಮನೆಗೆ ಇನ್ನೂ ಬಾಗಿಲಿರಲಿಲ್ಲ. ಗೋಣಿತಟ್ಟಿನ ಪರದೆ ಇಳಿಬಿಟ್ಟಿದ್ದರು. ಬಿದ್ದ ಗೋಡೆ ಬಿದ್ದಂತೆಯೇ ಇತ್ತು. ಅವರ ಹೆಂಡತಿ ಮಸ್ತಾನಬಿ ಪರದೆ ಸರಿಸಿ ಹೊರಗೆ ಬಂದವರು ಹಂಡೆಯನ್ನು ಕಂಡೊಡನೆ ಗುರುತು ಹಿಡಿದರು. ಮುಟ್ಟಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಿಂತರು. ಹಿಂದೆಯೇ ಸಾಹೇಬರು ಬಂದರು. ಬಿಳಿ ಗಡ್ಡದ, ಸಣಕಲು ಮನುಷ್ಯ.

ಭೀಮಶಾ ಹಂಡೆ ಇಳಿಸಿ ಕೈ ಕಟ್ಟಿ ನಿಂತು, ಇದ್ದದ್ದನ್ನು ಇದ್ದಂತೆ ಹೇಳಿದ. ಸಾಹೇಬರು ಅದನ್ನು ಬಗ್ಗಿ ನೋಡಿದರು.

“ಮುಚ್ಚಳ ಎಲ್ಲಿ?”

“ಗೊತ್ತಿಲ್ರಿ. ಅವತ್ತ ಮುಚ್ಚಳ ಇದ್ದಿಲ್ಲ.”

“ಇತ್ತು.” ಸಾಹೇಬರ ದನಿ ಏರಲಿಲ್ಲ. “ಅನ್ನದ ಮ್ಯಾಲ ಮುಚ್ಚಿತ್ತು. ಆರಬಾರದಂತ ಈಕಿ ಮುಚ್ಚಿದ್ಳು. ಊಟದ ಹೊತ್ತಿಗೆ ಬಂದೇ ಬರ್ತೀವಿ ಅಂದ್ಳು.”

ಸಾಹೇಬರು ಹಂಡೆಯಿಂದ ಕಣ್ಣು ತೆಗೆದು ಭೀಮಶಾನನ್ನು ನೋಡಿದರು.

“ನಿಮ್ಮಪ್ಪ ಇದೇ ಕಟ್ಟಿ ಮ್ಯಾಲ ಕುಂತು ನನಗ ಕಮಿಟಿಗೆ ಕರದಾನ. ಅವನಿಗೆ ಗೊತ್ತಿತ್ತೇನು?”

“ಇಲ್ರಿ. ನಮ್ಮವ್ವಗೂ ಗೊತ್ತಿದ್ದಿಲ್ಲ. ಈಕಿ ಓದಿದ ಮ್ಯಾಲ ಗೊತ್ತಾತು.”

ಸಾಹೇಬರು ಕಸ್ತೂರಿಯ ಕಡೆ ಒಮ್ಮೆ ನೋಡಿದರು. “ಹೋಗ್ರಿ,” ಎಂದರು. “ಈಗ ಹೋಗ್ರಿ.”

ಹಂಡೆ ಅಂಗಳದಲ್ಲೇ ಇತ್ತು. ಓಣಿಯ ತಿರುವಿನಲ್ಲಿ ಭೀಮಶಾ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟ. ಕಸ್ತೂರಿ ಅವನ ಬೆನ್ನ ಮೇಲೆ ಕೈ ಇಡಬೇಕೆಂದುಕೊಂಡಳು. ಅವತ್ತು ಅದು ಆಗಲಿಲ್ಲ. ಅವನ ಪಕ್ಕದಲ್ಲಿ ಸುಮ್ಮನೆ ನಿಂತಳು.

ತಾಲೀಮಾತಿನ ಸಾಹೇಬರು ಬರುವ ದಿನ ಕಲ್ಯಾಣಪ್ಪನವರ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಊಟ ಖಂಡೆಪ್ಪಗೌಡರಲ್ಲಿ ಎಂದು ಬದಲಾಯಿತು. ಅಲ್ಲಿಗೆ ಅಂಬಣ್ಣನಿಗೂ ಇಮಾಮುದ್ದೀನ್ ಸಾಹೇಬರಿಗೂ ಕರೆ ಇರಲಿಲ್ಲ. ಕಲ್ಯಾಣಪ್ಪನವರು ಮೀಟಿಂಗ್ ಮುಗಿಸಿ, ಗೌಡರಲ್ಲಿ ಉಣ್ಣದೆ ನೇರ ಮನೆಗೆ ಬಂದರು. ಕಸ್ತೂರಿ ಬಿಸಿ ರೊಟ್ಟಿ, ಬೇಳೆ ಬಡಿಸಿದಳು. ಹಿತ್ತಲ ಒಲೆಯ ಮುಂದೆ ಭೀಮಬಾಯಿ ಬೆನ್ನು ತಿರುಗಿಸಿ ಕೂತಿದ್ದರು. ಕಿವಿ ಮಾತ್ರ ಈಚೆ ಇತ್ತು.

“ಏನಾತ್ರಿ ಮಾವ?”

“ಮೊದಲ ಖಂಡೆಪ್ಪ ಎದ್ದ. ಹೆಣ್ಣುಹುಡುಗರ ಕ್ಲಾಸಿಗೆ ಗುಡ್ಯಾಗ ಜಾಗ ಇಲ್ಲ, ಹಂಗಾಗಿ ಆ ಮಾತು ಬ್ಯಾಡಂದ. ಯಂಕಪ್ಪನ ಕೈ ಎದ್ದೇ ಇತ್ತು. ನಾ ಬೇಕಂದೆ. ನನ್ನ ಸೊಸಿ ಸಲುವಾಗಿ ಅಂತೀನಿ ಅಂತ ಖಂಡೆಪ್ಪ ನಕ್ಕ. ಹೊರಗಿಂದ ಅಂಬಣ್ಣ, ಜಾಗ ಇಲ್ಲಂದ್ರ ಬೇವಿನ ಗಿಡದ ಬುಡಕ ಕೂಡಸ್ರಿ, ನನಗೂ ಒಬ್ಬ ಮಗಳದಾಳ ಅಂದ. ಇಬ್ಬರು ಈ ಕಡಿ, ಇಬ್ಬರು ಆ ಕಡಿ. ತಾಲೀಮಾತಿನ ಸಾಹೇಬರು ಇಮಾಮುದ್ದೀನ್ ಸಾಹೇಬರ ಮಾರಿ ನೋಡಿದ್ರು.”

“ಅವರು ಬಂದಿದ್ರೇನು?” ಹಿತ್ತಲಿನಿಂದ ಭೀಮಬಾಯಿಯ ದನಿ.

“ಬಂದಿದ್ರು. ಅಂಬಣ್ಣನ ಬಾಜೂಕ ಕಟ್ಟಿ ಮ್ಯಾಲೇ ಕುಂತಿದ್ರು. ಕುಂತಲ್ಲಿಂದಲೇ ಹೇಳಿದ್ರು. ನನ್ನ ಮನಿ ಹೊರಗಿನ ಕೋಣಿ ಖಾಲಿ ಅದ, ಸಾಲಿಗೆ ಕೊಡ್ತೀನಿ. ಅದಕ್ಕ ಬಾಗಿಲಾ ಇಲ್ಲ. ಬಾಗಿಲಾ ಊರಾಗೇ ಯಾರದೋ ಮನ್ಯಾಗ ಅದ. ಯಾರ ಮನ್ಯಾಗ ಅದಂತ ಕಮಿಟಿ ಹುಡುಕಿ ತಂದ್ರ ಹಾಕ್ಕೋತೀನಿ. ತರ್ಲಿಲ್ಲಂದ್ರ ಬಾಗಿಲಾ ಇಲ್ದೇ ಸಾಲಿ ನಡೀಲಿ. ಹಿಂಗಂದ್ರು.”

ಭೀಮಶಾ ತಲೆ ಎತ್ತಿದ. “ಆಮ್ಯಾಲ?”

“ಆಮ್ಯಾಲ ಏನು? ಖಂಡೆಪ್ಪ ನೆಲ ನೋಡ್ದ. ಯಂಕಪ್ಪ ಎತ್ತಿದ ಕೈ ಮೆಲ್ಲಕ ಇಳಿಸಿ ತೊಡಿ ಕೆಳಗ ಇಟ್ಕೊಂಡ. ಏನ್ ಬಾಗಿಲಾ, ಯಾವ ಬಾಗಿಲಾ ಅಂತ ತಾಲೀಮಾತಿನ ಸಾಹೇಬರು ಕೇಳಿದ್ರು. ಯಾರೂ ಹೇಳ್ಲಿಲ್ಲ. ಮಂಜೂರ್ ಅಂದ್ರು.” ಕಲ್ಯಾಣಪ್ಪನವರು ಕಣ್ಣು ಒರೆಸಿಕೊಂಡರು. “ಅಕ್ಕೋರು ಯಾರಂತ ಕೇಳಿದ್ರು. ಕಲ್ಯಾಣಪ್ಪನ ಸೊಸಿ, ಓದಿದ್ದನ್ನ ಓದೀನಿ ಅಂತ ಹೇಳಾಕಿ, ಆಕೀನೇ ಆಗಬೇಕು ಅಂದ್ರು ಇಮಾಮುದ್ದೀನ್ ಸಾಹೇಬ. ಆದ್ರ ನನ್ನ ಕೂಡ ಮಾತಾಡ್ಲಿಲ್ಲ. ನಾ ಹತ್ರ ಹೋದೆ, ಅವರು ಕೋಲು ತಗೊಂಡು ಎದ್ದು ಹೋದ್ರು.”

ಕಸ್ತೂರಿ ಗೋಡೆಯ ಕಡೆ ತಿರುಗಿ ನಿಂತಳು. ಕೆಲಸ ಸಿಕ್ಕಿತ್ತು. ಸಿಕ್ಕ ರೀತಿಗೆ ಹಿಗ್ಗಲು ಆಗಲಿಲ್ಲ.

“ಏನು?” ಹಿತ್ತಲಿನಿಂದ ಭೀಮಬಾಯಿ ಎದ್ದು ಬಂದರು. “ಅವರ ಮನ್ಯಾಗ ಹೋಗಿ ಕೂಡ್ತಾಳೇನು, ದಿನಾ? ನನ್ನ ಸೊಸಿ? ಕೆಳಗೇರಿ ಹುಡುಗಿ, ಅವರ ಹುಡುಗಿ, ಇಬ್ಬರನ್ನೂ ಬಾಜೂಕ ಕೂಡಿಸ್ಕೊಂಡು?”

“ಹೌದು ಅತ್ತಿ.”

“ಹಂಗಾರ ಹೋಗು. ಹೋಗಿ ಬಂದ್ ಕೈಲೆ ಈ ಮನಿ ಒಲಿ ಮುಟ್ಟಬ್ಯಾಡ. ಬುತ್ತಿನೂ ಕೇಳಬ್ಯಾಡ.”

ಆ ಮುಂದಿನ ವಾರಗಳಲ್ಲಿ ಭೀಮಶಾ ಅಂಗಡಿಗೆ ಹೋಗುವ ಮುಂಚೆ, ಅಂಗಡಿಯಿಂದ ಬಂದ ಮೇಲೆ ಆ ಕೋಣೆಯ ಬಿದ್ದ ಗೋಡೆ ಕಟ್ಟಿದ. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಇಮಾಮುದ್ದೀನ್ ಸಾಹೇಬರು ಅವನನ್ನು ಮಾತಾಡಿಸುತ್ತಿರಲಿಲ್ಲ. ಅವನು ಬಂದೊಡನೆ ಒಳಗೆ ಹೋಗಿಬಿಡುತ್ತಿದ್ದರು. ಒಂದು ದಿನ ಕೆಸರು ಕಲಸಲು ನೀರು ಸಾಲದಾದಾಗ ಪರದೆಯ ಹಿಂದಿನಿಂದ ಎರಡು ಕೊಡ ನೀರು ಹೊರಗೆ ಬಂದು ಕೂತಿದ್ದವಂತೆ. ಅಂಬಣ್ಣ ಒಂದು ಹಳೆಯ ತಗಡಿಗೆ ಮಸಿ ಬಳಿದು ಹಲಗೆ ಮಾಡಿ ತಂದ. ಬಾಗಿಲು ಮಾತ್ರ ಬರಲಿಲ್ಲ. ಚೌಕಟ್ಟಿಲ್ಲದ ಆ ಕಂಡಿ ಹಾಗೇ ಬಾಯಿ ತೆರೆದುಕೊಂಡಿತ್ತು, ಓಣಿಯಲ್ಲಿ ಹಾಯುವವರೆಲ್ಲ ಒಮ್ಮೆ ಅದನ್ನು ನೋಡಿ ಮುಖ ತಿರುಗಿಸಿ ಹೋಗುತ್ತಿದ್ದರು.

ಶಾಲೆ ತೆರೆದ ದಿನ ಕಸ್ತೂರಿ ಬರಿಗೈಯಲ್ಲಿ ಹೊರಟಳು. ಭೀಮಬಾಯಿ ಹಿತ್ತಲಲ್ಲಿ ಜೋಳ ಕೇರುತ್ತಿದ್ದರು; ತಿರುಗಿ ನೋಡಲಿಲ್ಲ. ಕೋಣೆಗೆ ಬಂದವರು ಇಬ್ಬರೇ. ಎಣ್ಣೆ ಹಚ್ಚಿ ಬಿಗಿಯಾಗಿ ತಲೆ ಬಾಚಿದ ಲತೀಫಾ, ಅಪ್ಪನ ಕೈ ಬಿಡದೆ ಬಂದು ಬಾಗಿಲ ಕಂಡಿಯ ಹೊರಗೇ ಕೂತುಬಿಟ್ಟ ಅಂಬಣ್ಣನ ಮಗಳು.

“ಅಲ್ಲ್ಯಾಕ ಕುಂತಿ? ಒಳಗ ಬಾರವಾ,” ಎಂದಳು ಕಸ್ತೂರಿ.

ಹುಡುಗಿ ಅಪ್ಪನ ಮುಖ ನೋಡಿದಳು. ಅಂಬಣ್ಣ ಬೇರೆ ಕಡೆ ನೋಡುತ್ತಿದ್ದ. ಲತೀಫಾ ತಾನು ಕೂತ ತಟ್ಟಿನ ಚೂರನ್ನು ಸ್ವಲ್ಪ ಎಳೆದು ಪಕ್ಕದಲ್ಲಿ ಜಾಗ ಮಾಡಿದಳು. ಅಂಬಣ್ಣನ ಮಗಳು ಒಳಗೆ ಬಂದಳು.

ಹೊತ್ತು ನೆತ್ತಿಗೆ ಬರುವವರೆಗೆ ಅ ಆ ನಡೆಯಿತು. ಕಸ್ತೂರಿಗೆ ಹಸಿವಿನಿಂದ ಕಣ್ಣು ಮಂಜಾಗುತ್ತಿತ್ತು. ಹಲಗೆಯ ಮೇಲೆ ಇ ಬರೆಯುತ್ತಿದ್ದಾಗ ಹಿಂದೆ ಬಿಸಿಲು ಕತ್ತಲಾದಂತೆ ಅನಿಸಿ ತಿರುಗಿದಳು.

ಅಂಗಳದಲ್ಲಿ ಭೀಮಬಾಯಿ ನಿಂತಿದ್ದರು. ಕೈಯಲ್ಲಿ ಧೋತರದ ಗಂಟು, ಅದರಿಂದ ಬಿಸಿ ರೊಟ್ಟಿಯ ಹಬೆ. ಓಣಿಯುದ್ದಕ್ಕೂ ನಾಲ್ಕಾರು ಬಾಗಿಲುಗಳಲ್ಲಿ ತಲೆಗಳು ಕಾಣುತ್ತಿದ್ದವು. ಸೊಸೆಯನ್ನು ಅವರು ಕರೆಯಲಿಲ್ಲ.

ಪರದೆ ಸರಿಸಿ ಮಸ್ತಾನಬಿ ಹೊರಗೆ ಬಂದರು. ಬಂದವರು ಭೀಮಬಾಯಿಯನ್ನು ಕಂಡು, ಎಲ್ಲಿ ಸೆರಗು ತಾಕೀತೋ ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಇಬ್ಬರೂ ಒಂದೇ ಊರಿನಲ್ಲಿ ಮುದುಕಿಯರಾದವರು. ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು.

ಭೀಮಬಾಯಿ ಕಟ್ಟೆಯ ಕಡೆ ನೋಡಿದರು. ಗಂಟನ್ನು ಅಲ್ಲಿಟ್ಟು ಹೋಗಬಹುದಿತ್ತು. ಕಸ್ತೂರಿ ಸುಣ್ಣದ ತುಂಡು ಹಿಡಿದು ನೋಡುತ್ತಲೇ ಇದ್ದಳು.

ಅತ್ತೆ ಆ ಎರಡು ಹೆಜ್ಜೆ ಮುಂದೆ ಬಂದರು.

“ಎಲ್ಲಾರಿಗೂ ಆಗ್ತಾವ,” ಎಂದಷ್ಟೇ ಹೇಳಿ, ಗಂಟನ್ನು ಮಸ್ತಾನಬಿಯ ಎರಡೂ ಕೈಗಳಲ್ಲಿ ಇಟ್ಟರು.